ಸದ್ದಿಲ್ಲದ ಮೊದಲ ಚಪ್ಪಾಳೆ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ರೈಲು ನಿಲ್ದಾಣದ ಕೊನೆಯ ಪ್ಲಾಟ್‌ಫಾರ್ಮಿನಲ್ಲಿ ನಾಯಕ ಏದುಸಿರು ಬಿಡುತ್ತಾ ಓಡಿ ಬರುತ್ತಾನೆ, ನಾಯಕಿಯ ಕೈ ಹಿಡಿದು ತಪ್ಪಾಯಿತು ಎನ್ನುತ್ತಾನೆ. ಅವಳು ಪೆಟ್ಟಿಗೆ ಕೆಳಗಿಡುತ್ತಾಳೆ. ಸುತ್ತಲಿನ ಪ್ರಯಾಣಿಕರು ಬಿಟ್ಟ ಕಣ್ಣು ಮುಚ್ಚದೆ ನಿಂತಿದ್ದಾರೆ. ಆಗ ನೀರಿನ ನಲ್ಲಿಯ ಪಕ್ಕದಲ್ಲಿ, ಬೂದು ಕೋಟು ತೊಟ್ಟ, ಐವತ್ತು ದಾಟಿದ ಹೆಂಗಸೊಬ್ಬರು ಚಪ್ಪಾಳೆ ತಟ್ಟುತ್ತಾರೆ. ಅವರನ್ನು ನೋಡಿ ಉಳಿದವರೂ ತಟ್ಟುತ್ತಾರೆ. ಇಷ್ಟು ಜನ ತಟ್ಟಿದರೂ ಒಂದು ಚೂರು ಸದ್ದಿಲ್ಲ.

ಅಂಗೈಗಳು ಇನ್ನೇನು ಕೂಡಬೇಕು ಅನ್ನುವಷ್ಟರಲ್ಲಿ ನಿಂತುಬಿಡುತ್ತವೆ. ಪ್ರೇಮಿಗಳ ಪಿಸುಮಾತು ಮೈಕಿಗೆ ಸ್ಪಷ್ಟವಾಗಿ ಸಿಗಬೇಕಲ್ಲ! ಚಿತ್ರಮಂದಿರದಲ್ಲಿ ನಮ್ಮ ಕಿವಿಗೆ ಬೀಳುವ ಚಪ್ಪಾಳೆ ಆಮೇಲೆ ಎಲ್ಲಿಂದಲೋ ತಂದು ಸೇರಿಸಿದ್ದು.

ಬೂದು ಕೋಟಿನವರನ್ನು ಶೂಟಿಂಗ್‌ನವರು ಕರೆಯುವುದೇ 'ಮೊದಲ ಚಪ್ಪಾಳೆ' ಎಂದು. "ಮೊದಲ ಚಪ್ಪಾಳೆ ಬಂದ್ರಾ? ಟೀ ಆಯ್ತಾ?" ಎಂದು ಸಹನಿರ್ದೇಶಕರು ವಿಚಾರಿಸುತ್ತಾರೆ. ಇಪ್ಪತ್ತೆರಡು ವರ್ಷಗಳಿಂದ ಇವರದು ಗುಂಪಿನಲ್ಲಿ ಗೋವಿಂದ ಅನ್ನುವ ಕೆಲಸ. ನಾಯಕ ಕಾಫಿ ಚೆಲ್ಲಿದಾಗ ಹೌಹಾರುವ ಗಿರಾಕಿ, ಆಸ್ಪತ್ರೆಯ ಬೆಂಚಿನ ಮೇಲೆ ಕೂತ ರೋಗಿ, ಕೊನೆಯಲ್ಲಿ ಚಪ್ಪಾಳೆ. ನಾಲ್ಕಕ್ಕೆಲ್ಲ ಮನೆ ಬಿಡಬೇಕು, ದಿನವಿಡೀ ನಿಲ್ಲಬೇಕು. ಕುರ್ಚಿ ಏನಿದ್ದರೂ ಪೋಸ್ಟರಿನಲ್ಲಿ ಮುಖ ಇರುವವರಿಗೆ. ಸಂಜೆ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿಯೊಳಗೆ ಹೋಗುವುದಿಲ್ಲ.

ನಗಿಸುತ್ತಾ ಪ್ರೀತಿಯ ಕಥೆ ಹೇಳುವ ಈ ಸಿನಿಮಾಗಳ ಜಾತಕ ಇವರಿಗೆ ಬಾಯಿಪಾಠ. "ಮೊದಲು ಡಿಕ್ಕಿ ಹೊಡೀತಾರೆ, ಆಮೇಲೆ ಕಚ್ಚಾಡ್ತಾರೆ, ಮಳೇಲಿ ನೆನೆದು ರಾಜಿ ಆಗ್ತಾರೆ. ಇಂಟರ್‌ವಲ್ ಆದ್ಮೇಲೆ ಏನೋ ಒಂದು ತಪ್ಪು ತಿಳ್ಕೊಂಡು ಮುಖ ತಿರುಗಿಸ್ತಾರೆ. ಕೂತು ಎರಡು ಮಾತಾಡಿದ್ರೆ ಮುಗಿಯೋ ವಿಷಯ. ಆದ್ರೆ ಮಾತಾಡಿಬಿಟ್ರೆ ನಂಗೆಲ್ಲಿ ಕೆಲಸ?" ಎನ್ನುತ್ತಾರೆ. ನಗುವುದಿಲ್ಲ, ಲೆಕ್ಕ ಒಪ್ಪಿಸಿದ ಹಾಗೆ ಹೇಳುತ್ತಾರೆ.

ಬುದ್ಧಿವಂತರು ಇಂಥ ಸಿನಿಮಾಗಳನ್ನು ಕಂಡು ಮೂಗು ಮುರಿಯುತ್ತಾರೆ, ಅದರಲ್ಲಿ ತಪ್ಪೇನೂ ಇಲ್ಲ. ಕಥೆ ಎಲ್ಲಿಗೆ ಬಂದು ನಿಲ್ಲುತ್ತದೆ ಎಂದು ಟಿಕೆಟ್ ಹರಿಯುವವನಿಗೂ ಗೊತ್ತು. ಇವರಿಗೆ ಮಾತ್ರ ಆ ಸವೆದ ದಾರಿಯೇ ದೊಡ್ಡ ಉಪಕಾರ ಮಾಡಿದೆ. ಅದಕ್ಕೆ ಕಾರಣ ಇವರ ಗಂಡ.

ಗಂಡ ಸಿನಿಮಾಗಳಿಗೆ ಉಡುಪು ಹೊಲಿಯುವ ದರ್ಜಿಯಾಗಿದ್ದರು. ಬೂದು ಕೋಟು ಅವರ ಕೈಯದೇ. ಎಷ್ಟೇ ಜನಜಂಗುಳಿಯ ದೃಶ್ಯವಿರಲಿ, "ಅಗೋ ನನ್ನ ಕಾಲರ್!" ಎಂದು ಪರದೆಯ ಮೇಲೆ ಹೆಂಡತಿಯನ್ನು ಹುಡುಕಿಬಿಡುತ್ತಿದ್ದರು. ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಎರಡೂ ಕಣ್ಣು ನುಂಗಿತು. ಎರಡು ಕೋಣೆಯ ಮನೆಯಲ್ಲಿ ಹೊಲಿಗೆ ಯಂತ್ರ ಈಗಲೂ ಕಿಟಕಿಯ ಬಳಿಯೇ ಇದೆ. ಕೆಲಸವಿಲ್ಲದಿದ್ದರೂ ಅದಕ್ಕೆ ಎಣ್ಣೆ ಬಿಡುತ್ತಾರೆ, ಕೋಟಿನ ಗುಂಡಿ ಸಡಿಲವಾದರೆ ಬೆರಳಲ್ಲೇ ತಡವಿ ಹಾಕಿಕೊಡುತ್ತಾರೆ.

ಸಿನಿಮಾ ಮಾತ್ರ ಬಿಟ್ಟಿಲ್ಲ. ಜನ ಕಡಿಮೆಯಿರುವ ಮಧ್ಯಾಹ್ನದ ಆಟಕ್ಕೆ ಇಬ್ಬರೂ ಹೋಗುತ್ತಾರೆ. "ಬೇರೆ ಥರದ ಸಿನಿಮಾ ಆದ್ರೆ ಎಲ್ಲಾ ನಾನೇ ಕಿವೀಲಿ ಹೇಳ್ಬೇಕು, ಮುಂದೆ ಕೂತವರು ತಿರುಗಿ ಬಯ್ತಾರೆ. ಇದರಲ್ಲಿ ಹಂಗಲ್ಲ. ನಮ್ಮನೆಯವರೇ ನಂಗೆ ಹೇಳ್ತಾರೆ, 'ನೋಡೇ, ಈಗ ಮುನಿಸ್ಕೋತಾಳೆ, ಈಗ ಅವನು ಓಡ್ತಾನೆ' ಅಂತ. ಕಣ್ಣು ಬಂದ ಹಾಗೆ ಕೂತಿರ್ತಾರೆ."

ಕೊನೆಗೆ ಚಪ್ಪಾಳೆ ಬರುತ್ತದೆ. ಆತ ಕತ್ತಲಲ್ಲಿ ಹೆಂಡತಿಯ ಕೈ ಹುಡುಕಿ ಹಿಡಿದು ಕೇಳುತ್ತಾರೆ: "ಇದು ನೀನಾ?"

"ಹ್ಞೂಂ" ಎನ್ನುತ್ತಾರೆ ಇವರು. ಅದು ಯಾರದೋ ಚಪ್ಪಾಳೆ. ಆತನ ಮುಖ ಅರಳುತ್ತದೆ. "ಕಾಲರ್ ಅಂತೂ ಕಾಣಲ್ಲ. ಚಪ್ಪಾಳೇನೂ ಕಿತ್ಕೊಳ್ಳೋಕೆ ಮನಸ್ಸು ಬರಲಿಲ್ಲ" ಎನ್ನುವಾಗ ದನಿ ತಗ್ಗುತ್ತದೆ. ಇದನ್ನು ಪತ್ರಿಕೆಯಲ್ಲಿ ಬರೆಯಬಹುದೇ ಎಂದು ನಾನು ಕೇಳಿದರೆ, "ಬರೀರಿ. ಅವರಿಗೆ ಪೇಪರ್ ಓದಿ ಹೇಳೋದು ನಾನೇ ಅಲ್ವಾ, ಆ ಭಾಗ ಹಾರಿಸ್ತೀನಿ" ಎನ್ನುತ್ತಾರೆ.

ಇವತ್ತು ದೃಶ್ಯ ಮುಗಿದ ಮೇಲೆ ಯಾರೂ ಚದುರುವಂತಿಲ್ಲ. ಸೌಂಡ್ ರೆಕಾರ್ಡಿಂಗ್ ನೋಡಿಕೊಳ್ಳುವ ತರುಣಿಗೆ ಹಳೆಯ ದಾಸ್ತಾನಿನ ಚಪ್ಪಾಳೆ ಬೇಡವಂತೆ, ಈ ತಗಡಿನ ಚಾವಣಿಯ ಕೆಳಗೆ ಹೊಡೆದದ್ದೇ ಬೇಕಂತೆ. ಮೈಕನ್ನು ನಲ್ಲಿಯ ಪಕ್ಕಕ್ಕೇ ತಂದು ಹಿಡಿಯುತ್ತಾಳೆ. "ಅಮ್ಮಾ, ಮೊದಲನೇದು ನಿಮ್ಮೊಬ್ಬರದೇ. ಆಮೇಲೆ ಎಲ್ಲರೂ. ಬೇಗ, ರೈಲು ಬರತ್ತೆ."

ಇವರು ಕೈ ಎತ್ತುತ್ತಾರೆ. ಅಂಗೈಗಳು ಹತ್ತಿರ ಬರುತ್ತವೆ, ಒಂದು ಬೆರಳಿನ ಅಂತರದಲ್ಲಿ ನಿಲ್ಲುತ್ತವೆ. ಎಲ್ಲರೂ ಕಾಯುತ್ತಿದ್ದಾರೆ. ಯಾರೋ ಕಿಸಕ್ಕನೆ ನಗುತ್ತಾರೆ.

"ಅಮ್ಮಾ, ಸದ್ದು ಬೇಕು."

"ಗೊತ್ತು ಕಣಮ್ಮ. ಕೈ ಕೂಡ್ತಾ ಇಲ್ಲ."

ಮತ್ತೊಮ್ಮೆ ಪ್ರಯತ್ನಿಸುತ್ತಾರೆ, ಮತ್ತೆ ಅದೇ ಕಥೆ. ಇಪ್ಪತ್ತೆರಡು ವರ್ಷ ತಡೆದು ತಡೆದು ಕೈಗೆ ತಟ್ಟುವುದೇ ಮರೆತುಹೋಗಿದೆ. ದೂರದಲ್ಲಿ ರೈಲಿನ ಕೂಗು ಕೇಳಿಸುತ್ತದೆ. ಸಹನಿರ್ದೇಶಕರು, "ಬಿಡಿ, ಬೇರೆಯವರ ಕೈಲಿ ಹೊಡೆಸೋಣ" ಎನ್ನುತ್ತಾರೆ. ಇವರು ಎತ್ತಿದ ಕೈ ಇಳಿಸುವುದಿಲ್ಲ. "ಬೇಡ ಸರ್. ಇನ್ನೊಂದೇ ಒಂದು ಸಲ."

ಅಂಗೈಗಳನ್ನು ಕೋಟಿಗೆ ಒರೆಸಿಕೊಂಡು ಇವರು ಚಿತ್ರಮಂದಿರದ ಕತ್ತಲಲ್ಲಿ ಕೂತವರ ಹಾಗೆ ಕಣ್ಣು ಮುಚ್ಚುತ್ತಾರೆ. ಆಮೇಲೆ ಹೊಡೆಯುತ್ತಾರೆ. ಚಾವಣಿಯ ಪಾರಿವಾಳಗಳು ಪಟಪಟನೆ ಏಳುತ್ತವೆ. ಜೊತೆಯವರು ತಮ್ಮ ಸರದಿ ಮರೆತು ನಿಂತು, ಆಮೇಲೆ ಒಟ್ಟಿಗೇ ತಟ್ಟುತ್ತಾರೆ. ತರುಣಿ ಕಿವಿಯ ಮೇಲಿನ ಹೆಡ್‌ಫೋನ್ ಸರಿಸಿ, ಸಿಕ್ಕಿತು ಎಂದು ತಲೆಯಾಡಿಸುತ್ತಾಳೆ.

ರೈಲು ಬಂದು ನಿಂತಿದೆ, ನಿಜವಾದ ಪ್ರಯಾಣಿಕರು ಇಳಿಯುತ್ತಿದ್ದಾರೆ. ಇವರು ನಲ್ಲಿಯ ಕಟ್ಟೆಯ ಮೇಲೆ ಕೂತು ಕೆಂಪಗಾದ ಅಂಗೈ ನೋಡಿಕೊಳ್ಳುತ್ತಿದ್ದಾರೆ. ಸಂಕಲನದಲ್ಲಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಇವರಿಗೆ ಯಾರೂ ಹೇಳುವುದಿಲ್ಲ. ಬಿಡುಗಡೆಯ ದಿನ ಟಿಕೆಟ್ ಕೊಂಡೇ ತಿಳಿಯಬೇಕು.

"ನನ್ನ ಮುಖ ಬೇಕಾದ್ರೆ ಕತ್ತರಿಸಲಿ, ಆ ಒಂದು ಏಟು ಉಳಿಸಿದ್ರೆ ಸಾಕು" ಎನ್ನುತ್ತಾರೆ. "ಇದು ನೀನಾ ಅಂತ ಅವರು ಕೇಳೇ ಕೇಳ್ತಾರೆ. ಒಂದೇ ಒಂದು ಸಲ, ನಿಜವಾಗ್ಲೂ ಹ್ಞೂಂ ಅನ್ಬೇಕು ನಾನು."