ಪಿಳ್ಳಣ್ಣ ಮೇಸ್ತ್ರಿ ಕೊಟ್ಟ ಮಾತ್ರೆ

ದೇವನಹಳ್ಳಿ ಸುತ್ತಿನ ಕಲ್ಲುಕುಟಿಗರಲ್ಲಿ ಪಿಳ್ಳಣ್ಣ ಮೇಸ್ತ್ರಿಯನ್ನು ಅರಿಯದವರು ಕಡಿಮೆ. ದೊಡ್ಡ ಗಂಟಲಿನ ಆಳು. ತನ್ನ ಕೈಕೆಳಗಿನವರನ್ನು ದಿನವೆಲ್ಲ ಬೈಯುತ್ತಿದ್ದ, ಆದರೆ ಹೊರಗಿನವರು ಯಾರಾದರೂ ಅವರನ್ನು ಒಂದು ಮಾತು ಅಂದರೆ ಕೈಯಲ್ಲಿದ್ದ ಸುತ್ತಿಗೆ ಹಿಡಿದೇ ನಿಂತುಬಿಡುತ್ತಿದ್ದ. ಬೆಟ್ಟದಲ್ಲಿ ಮದ್ದು ಸಿಡಿಸುವಾಗ ಎಲ್ಲರೂ ದೂರ ಓಡಿದರೆ ಅವನು ಕೊನೆಗೆ ಬರುತ್ತಿದ್ದ. ಆ ಧೈರ್ಯದಿಂದಲೇ ಅವನ ಮಾತಿಗೆ ಎದುರಾಡುವವರು ಇರಲಿಲ್ಲ. ಅವನಿಗೂ ಅದು ಅಭ್ಯಾಸವಾಗಿಹೋಗಿತ್ತು.

ಅರವತ್ತೊಂಬತ್ತನೆಯ ಇಸವಿಯಲ್ಲಿ ಮದರಾಸಿನ ಒಬ್ಬ ಗುತ್ತಿಗೆದಾರನ ಕಡೆಯವರು ಊರಿಗೆ ಬಂದರು. ಅಂಡಮಾನಿನಲ್ಲಿ ಕಡಲ ದಂಡೆಗೆ ಕಲ್ಲಿನ ಗೋಡೆ ಕಟ್ಟಬೇಕು, ಒಂದು ತಂಡ ಕರೆತರಬೇಕು ಎಂದರು. ಪಿಳ್ಳಣ್ಣ ಒಪ್ಪಿದ. ಅವನು ಹೊರಟ ಮೇಲೆ ಹುಡುಗರು ಹಿಂದೆ ಬಿದ್ದರು. ಹಾಗೆ ಬಂದವರಲ್ಲಿ ಲಕ್ಷ್ಮಯ್ಯನೂ ಒಬ್ಬ.

ಲಕ್ಷ್ಮಯ್ಯನಿಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಹೆಂಡತಿ ಕದಿರಮ್ಮ. ಇಬ್ಬರೂ ಅಣ್ಣನ ಮನೆಯ ಪಕ್ಕಕ್ಕೆ ಇಳಿಸಿದ ಚಪ್ಪರದಲ್ಲಿ ಸಂಸಾರ ಮಾಡುತ್ತಿದ್ದರು. ತಮ್ಮದೇ ಒಂದು ಗೋಡೆ, ತಮ್ಮದೇ ಒಂದು ಬಾಗಿಲು ಬೇಕೆಂಬುದು ಅವನ ಆಸೆ. ಒಂದೇ ಕಷ್ಟವೆಂದರೆ ಅವನಿಗೆ ಬಸ್ಸು ಆಗುತ್ತಿರಲಿಲ್ಲ. ದೊಡ್ಡಬಳ್ಳಾಪುರಕ್ಕೆ ಹೋಗಿಬರುವಷ್ಟರಲ್ಲಿ ಕಿಟಕಿಯಾಚೆ ತಲೆ ಹಾಕಿ ಹೊಟ್ಟೆಯಲ್ಲಿದ್ದುದನ್ನೆಲ್ಲ ಕಕ್ಕಿಬಿಡುತ್ತಿದ್ದ. ಅದಕ್ಕೆ ಕದಿರಮ್ಮ ಮೇಸ್ತ್ರಿಯ ಮನೆಗೇ ಬಂದಳು.

"ಬಸ್ಸೇ ತಡ್ಕೊಳಲ್ಲ ಮಾವ, ಹಡಗು ತಡ್ಕೊಂತಾನಾ? ಬ್ಯಾಡ ಅನ್ನು, ನಿನ್ನ ಮಾತು ಕೇಳ್ತಾನೆ."

"ಹಡಗಿಗೆ ಬೇರೆ ಔಷಧಿ ಐತೆ ಕಣಮ್ಮ. ನಾನು ತಂದ್ಕೊಡ್ತೀನಿ. ನಾನೇ ಕರ್ಕೊಂಡು ಹೋಗ್ತೀನಿ, ನಾನೇ ಕರ್ಕೊಂಡು ಬಂದು ನಿನ್ನ ಬಾಗಿಲಿಗೆ ಬಿಡ್ತೀನಿ. ನಾನು ಹೇಳಿದ್ಮೇಲೆ ಮುಗೀತು."

ಮರುದಿನವೇ ಅವನು ರಾಜಘಟ್ಟಕ್ಕೆ ಹೋದ. ಅಲ್ಲಿ ಬೈರಪ್ಪ ಎಂಬ ಹಳೆಯ ಸಿಪಾಯಿ ಇದ್ದ. ಪರದೇಶದ ಕಾವಲಿಗೆಂದು ಹಡಗಿನಲ್ಲಿ ಹೋಗಿಬಂದವನು. ಆಗ ವಾಂತಿ ತಡೆಯಲು ಕೊಟ್ಟಿದ್ದ ಮಾತ್ರೆ ಅವನ ಟ್ರಂಕಿನಲ್ಲಿ ಒಂದು ಕಂದು ಸೀಸೆಯ ತುಂಬ ಹಾಗೇ ಉಳಿದಿತ್ತು. "ನನಗೆ ಬೇಕಾಗ್ಲಿಲ್ಲ ಪಿಳ್ಳಣ್ಣ, ನೀನು ತಗೊಂಡು ಹೋಗು. ಒಂದು ನುಂಗಿದ್ರೆ ಮಗು ತೊಟ್ಟಿಲಲ್ಲಿ ಮಲಗಿದ ಹಂಗೆ ಮಲಗ್ತಾರೆ" ಎಂದು ಸಂತೋಷದಿಂದಲೇ ಕೊಟ್ಟ. ಎಷ್ಟು ವರ್ಷದ ಹಿಂದಿನದು ಎಂದು ಪಿಳ್ಳಣ್ಣ ಕೇಳಲಿಲ್ಲ, ಅವನೂ ಹೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ತಂಡ ಮದರಾಸಿಗೆ ಹೋಯಿತು. ಕಡಲಲ್ಲಿ ಗಾಳಿ ಎದ್ದಿತ್ತು, ಹಡಗು ಹೊರಡುವುದು ತಡವಾಯಿತು. ಬಂದರಿನ ಹತ್ತಿರದ ಛತ್ರದಲ್ಲಿ ಕಾಯುತ್ತ ಕುಳಿತರು. ಅಲ್ಲಿಯ ನೀರು ಲಕ್ಷ್ಮಯ್ಯನಿಗೆ ಒಗ್ಗದೆ ಭೇದಿ ಹಿಡಿಯಿತು. ಹೊರಡುವ ದಿನ ಅವನ ಕಣ್ಣುಗಳು ಒಳಗೆ ಹೋಗಿದ್ದವು. ಗುತ್ತಿಗೆದಾರನ ಏಜೆಂಟು ಎಲ್ಲರಿಗೂ ಹೇಳಿದ್ದ: ಕಾಯಿಲೆಯವರನ್ನು ಹಡಗಿನ ಡಾಕ್ಟರು ಕಂಡರೆ ಅಲ್ಲಿ ಇಳಿದ ಕೂಡಲೇ ಆಸ್ಪತ್ರೆಗೆ ಹಾಕಿ, ಮುಂದಿನ ಹಡಗಿಗೆ ವಾಪಸು ಕಳಿಸುತ್ತಾರೆ. ನಿಜವೋ ಸುಳ್ಳೋ, ತಂಡದವರು ಅದನ್ನು ನಂಬಿದರು.

"ಹುಷಾರಿಲ್ದಿದ್ರೆ ಊರಿಗೆ ಹೋಗೋ ಲಕ್ಷ್ಮಯ್ಯ, ನಾಚಿಕೆ ಏನೂ ಇಲ್ಲ" ಎಂದ ಪಿಳ್ಳಣ್ಣ.

"ಇಲ್ಲಣ್ಣ, ಬರ್ತೀನಿ. ಇಲ್ಲಿಗಂಟ ಬಂದು ತಿರುಗಿ ಹೋದ್ರೆ ನಮ್ಮಣ್ಣ ಏನಂತಾನೆ?"

ಹಡಗಿನ ತಳದಲ್ಲಿ ಮೂರಂತಸ್ತಿನ ಕಬ್ಬಿಣದ ಮಂಚಗಳು. ಗಾಳಿಯಿಲ್ಲ, ಎಣ್ಣೆಯ ವಾಸನೆ, ಕಾಲಡಿಯಲ್ಲಿ ಯಂತ್ರದ ನಡುಕ. ದಡ ಕಣ್ಮರೆಯಾದ ಮೇಲೆ ಹಡಗು ಹೊಯ್ದಾಡತೊಡಗಿತು. ಬಂಡೆ ಒಡೆಯುವ ಗಂಡಸರೆಲ್ಲ ಒಬ್ಬರ ಹಿಂದೆ ಒಬ್ಬರು ಬಕೆಟ್ಟಿಗೆ ಬಗ್ಗಿದರು. ಪಿಳ್ಳಣ್ಣ ತಾನೂ ವಾಂತಿ ಮಾಡುತ್ತಲೇ ಸೀಸೆ ತೆಗೆದು ಎಲ್ಲರಿಗೂ ಒಂದೊಂದು ಮಾತ್ರೆ ಹಂಚಿದ. ಯಾರಿಗೂ ಏನೂ ಆಗಲಿಲ್ಲ. ವಾಂತಿ ನಿಲ್ಲಲಿಲ್ಲ.

ತಂಡದಲ್ಲಿ ಮಿಡ್ಲಿಸ್ಕೂಲಿನವರೆಗೆ ಓದಿದವನು ಆದಿನಾರಾಯಣಪ್ಪ ಒಬ್ಬನೇ. ಅವನು ಸೀಸೆಯನ್ನು ದೀಪದ ಕೆಳಗೆ ಹಿಡಿದು ತಿರುಗಿಸಿ ನೋಡಿದ.

"ಅಣ್ಣಾ, ಇದರ ಮೇಲೆ ಅರವತ್ತೈದರೊಳಗೆ ಮುಗಿಸ್ಬೇಕು ಅಂತ ಐತೆ. ವಾಯಿದೆ ಮುಗಿದು ನಾಲ್ಕು ವರ್ಷ ಆಯ್ತು."

"ಮಾತ್ರೆ ಏನು ಹಾಲೇನೋ, ಒಡೆದು ಹೋಗಕ್ಕೆ? ಮಿಲ್ಟ್ರಿ ಮಾಲು ಕಣೋ ಅದು."

"ಶಕ್ತಿ ಹೋಗಿರ್ತದಣ್ಣ."

"ಹೋಗಿದ್ರೆ ಎರಡೆರಡು ನುಂಗ್ಲಿ."

ಆದಿನಾರಾಯಣಪ್ಪ ಸೀಸೆಯನ್ನು ವಾಪಸು ಕೊಟ್ಟ. ಅವನೂ ಎರಡು ನುಂಗಿದ.

ಬೇರೆಯವರು ಹೇಗೋ ತಡೆದುಕೊಂಡರು. ಲಕ್ಷ್ಮಯ್ಯನ ಹೊಟ್ಟೆಯಲ್ಲಿ ಏನೂ ಉಳಿದಿರಲಿಲ್ಲ, ಹಸಿರು ನೀರು ಬರುತ್ತಿತ್ತು. ನೀರು ಕೇಳಿದಾಗಲೆಲ್ಲ ಪಿಳ್ಳಣ್ಣ "ಕುಡಿದ್ರೆ ಮತ್ತೆ ಬರ್ತದೆ, ತಡ್ಕೋ" ಎಂದು ತುಟಿ ಒದ್ದೆಮಾಡಿ ಬಿಡುತ್ತಿದ್ದ. ಊರಿನಲ್ಲಿ ಎಲ್ಲರೂ ಮಾಡುತ್ತಿದ್ದುದೇ ಅದು. ಎರಡು ಮಾತ್ರೆ ಕಕ್ಕಿದರೆ ಮತ್ತೆ ಎರಡು. ಅವೂ ನಿಲ್ಲದಿದ್ದರೆ ಪುಡಿ ಮಾಡಿ ಬೆರಳಿನಿಂದ ನಾಲಿಗೆಯ ಮೇಲೆ ಇನ್ನಷ್ಟು. ಎಷ್ಟು ಒಳಗೆ ನಿಂತಿತು, ಎಷ್ಟು ಹೊರಗೆ ಹೋಯಿತು ಎಂಬುದು ಯಾರಿಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ ಹಡಗಿನ ಡಾಕ್ಟರು ಕೆಳಗಿಳಿದು ಬಂದರು. ತಮಿಳಿನವರು, ವಯಸ್ಸಾದವರು, ಮೂಗಿಗೆ ಕರವಸ್ತ್ರ ಹಿಡಿದುಕೊಂಡಿದ್ದರು. ಯಾರಿಗಾದರೂ ಜಾಸ್ತಿಯಾಗಿದೆಯೇ ಎಂದು ಸಾಲುಸಾಲಾಗಿ ಕೇಳುತ್ತ ಬಂದರು. ಪಿಳ್ಳಣ್ಣ ಲಕ್ಷ್ಮಯ್ಯನ ಮೇಲೆ ಕಂಬಳಿ ಎಳೆದು, ಮಂಚಕ್ಕೆ ಅಡ್ಡವಾಗಿ ನಿಂತ. ತನಗೆ ಬರುತ್ತಿದ್ದ ಹರಕು ತಮಿಳಿನಲ್ಲಿ, ನಮ್ಮವರೆಲ್ಲ ಚೆನ್ನಾಗಿದ್ದಾರೆ, ನಮ್ಮ ಹತ್ತಿರವೇ ಮಾತ್ರೆ ಇದೆ ಎಂದ. ಡಾಕ್ಟರು ತಲೆಯಾಡಿಸಿ ಮುಂದಕ್ಕೆ ಹೋದರು.

ಮಧ್ಯಾಹ್ನದ ಹೊತ್ತಿಗೆ ಲಕ್ಷ್ಮಯ್ಯನ ವಾಂತಿ ನಿಂತಿತು. ಅವನು ನಿದ್ದೆಹೋದ. ಪಿಳ್ಳಣ್ಣನ ಮುಖ ಅರಳಿತು. "ಹಿಡೀತು ನೋಡ್ರೋ ಈಗ! ಹಾಲಂತೆ, ಒಡೀತದಂತೆ! ಯಾರೂ ಎಬ್ಬಿಸ್ಬೇಡಿ ಅವನ್ನ." ತಾನೂ ಪಕ್ಕದ ಮಂಚದಲ್ಲಿ ಉರುಳಿಕೊಂಡ. ಎರಡು ದಿನದಲ್ಲಿ ಅವನಿಗೆ ಬಂದ ಮೊದಲ ನಿದ್ದೆ ಅದು.

ಎಚ್ಚರವಾದಾಗ ಆದಿನಾರಾಯಣಪ್ಪ ಅವನ ಭುಜ ಹಿಡಿದು ಅಲುಗಿಸುತ್ತಿದ್ದ. ಲಕ್ಷ್ಮಯ್ಯನ ಬೆರಳುಗಳು ಕಂಬಳಿಯ ಎಳೆಗಳನ್ನು ಹೆಕ್ಕುತ್ತಿದ್ದವು. ನಾಲಿಗೆ ಒಣಗಿ ತೊಗಲಿನಂತಾಗಿತ್ತು. "ಕದ್ರೂ, ಬಾಗಿಲು ಹಾಕು, ಗಾಳಿ ಬರ್ತದೆ" ಎಂದು ಗೊಣಗಿದ. ಕೈಕಾಲು ತಣ್ಣಗಿದ್ದವು. ಆದಿನಾರಾಯಣಪ್ಪ ಮೇಸ್ತ್ರಿಯನ್ನು ಕೇಳದೆ ಮೇಲಕ್ಕೆ ಓಡಿದ.

ಡಾಕ್ಟರು ಸೂಜಿಯಲ್ಲಿ ನೀರು ಏರಿಸಲು ನೋಡಿದರು. ನರ ಸಿಗಲಿಲ್ಲ. ಒಂದು ಕೈ, ಇನ್ನೊಂದು ಕೈ, ಕೊನೆಗೆ ಪಾದ. ಹೊತ್ತು ಮುಳುಗುವ ಮೊದಲು ಲಕ್ಷ್ಮಯ್ಯ ಸತ್ತುಹೋದ.

ಏನು ಕೊಟ್ಟಿರಿ ಎಂದು ಡಾಕ್ಟರು ಕೇಳಿದಾಗ ಪಿಳ್ಳಣ್ಣ ಸೀಸೆ ಕೊಟ್ಟ. ಅವರು ಅದನ್ನು ಓದಿ, ಅಲುಗಿಸಿ, ಎಷ್ಟು ಖಾಲಿಯಾಗಿದೆ ಎಂದು ನೋಡಿದರು. ಬೈಯಲಿಲ್ಲ. ಸತ್ವ ಹೋದ ಮಾತ್ರೆ ವಾಂತಿ ನಿಲ್ಲಿಸಲಿಲ್ಲ, ಮೊದಲೇ ಭೇದಿಯಾದವನು ಒಳಗೆ ಒಣಗಿಹೋದ, ನಿದ್ದೆ ಅಂದುಕೊಂಡದ್ದು ನಿದ್ದೆಯಲ್ಲ, ಅಷ್ಟೊಂದು ಮಾತ್ರೆ ಮಂಪರನ್ನೂ ಸೇರಿಸಿರಬಹುದು ಎಂದು ತಮಿಳಿನಲ್ಲಿ ನಿಧಾನವಾಗಿ ಹೇಳಿದರು. "ಬೆಳಿಗ್ಗೆ ನಾನು ಇದೇ ಮಂಚದ ಮುಂದೆ ನಿಂತಿದ್ದೆನಲ್ಲಪ್ಪ" ಎಂದರು ಕೊನೆಗೆ. ಆ ಮಾತು ಪಿಳ್ಳಣ್ಣನಿಗೆ ಪೂರ್ತಿ ಅರ್ಥವಾಯಿತು.

ಹೆಣ ಇಟ್ಟುಕೊಳ್ಳಲು ಆ ಹಡಗಿನಲ್ಲಿ ತಕ್ಕ ಜಾಗವಿರಲಿಲ್ಲ. ಬೆಳಗಾದ ಮೇಲೆ ಕ್ಯಾನ್‌ವಾಸಿನಲ್ಲಿ ಸುತ್ತಿ, ಕಾಲಿನ ಕಡೆ ಕಬ್ಬಿಣದ ತುಂಡು ಕಟ್ಟಿ, ಹಲಗೆಯ ಮೇಲಿಂದ ಜಾರಿಸಿದರು. ತಂಡದವರು ಕೈಮುಗಿದರು. ಒಂದು ಹಿಡಿ ಮಣ್ಣು ಹಾಕೋಣವೆಂದರೆ ಅಲ್ಲಿ ಮಣ್ಣಿರಲಿಲ್ಲ.

ಊರಿಗೆ ತಂತಿ ಹೋಯಿತು: ಲಕ್ಷ್ಮಯ್ಯ ತೀರಿಕೊಂಡ ಎಂದಷ್ಟೆ. ಮುಂದಿನ ಹಡಗಿಗೆ ಪಿಳ್ಳಣ್ಣ ಹಿಂತಿರುಗಬಹುದಿತ್ತು. ಹಿಂತಿರುಗಲಿಲ್ಲ. ತಂಡ ಬಿಟ್ಟು ಹೇಗೆ ಹೋಗಲಿ ಎಂದು ಎಲ್ಲರಿಗೂ ಹೇಳಿದ. ಗೋಡೆ ಮುಗಿಯುವವರೆಗೂ, ಸುಮಾರು ಒಂದು ವರ್ಷ, ಅಲ್ಲೇ ಇದ್ದ. ಬೈಯುವುದನ್ನು ಬಿಟ್ಟ. ತಂಡದವರಿಗೆ ಅದೇ ಹೆಚ್ಚು ಹಿಂಸೆಯಾಯಿತು.

ಅವನು ಊರಿಗೆ ಬಂದದ್ದು ಕಳ್ಳೆಕಾಯಿ ಕೀಳುವ ಕಾಲದಲ್ಲಿ. ಬಂದ ಸಂಜೆಯೇ ಲಕ್ಷ್ಮಯ್ಯನ ಚಾಣ, ಸುತ್ತಿಗೆ, ಬಟ್ಟೆಗಂಟು ಹಿಡಿದು ಚಪ್ಪರದ ಮುಂದೆ ನಿಂತ. ಕದಿರಮ್ಮ ಕಾಯಿ ಬಿಡಿಸುತ್ತ ಕೂತಿದ್ದಳು. ಕೈಯಲ್ಲಿ ಬಳೆ ಇರಲಿಲ್ಲ. ಗಂಟನ್ನು ಅವಳು ಮುಟ್ಟಲಿಲ್ಲ.

"ಹೇಳು ಮಾವ, ಏನಾಯ್ತು?"

"ಜ್ವರ ಬಂತಮ್ಮ. ಹಡಗಿನಲ್ಲಿ ಸುಮಾರು ಜನಕ್ಕೆ ಬಂತು. ಡಾಕ್ಟರು ನೋಡಿದ್ರು, ಸೂಜಿ ಹಾಕಿದ್ರು. ಎಲ್ಲಾ ಮಾಡಿದ್ವಿ. ಅವನ ಆಯಸ್ಸು ಅಷ್ಟೇ ಇತ್ತು."

ಅವಳು ಕೈಯಲ್ಲಿದ್ದ ಕಾಯಿ ಒಡೆದು ಬೀಜ ಮೊರಕ್ಕೆ ಹಾಕಿದಳು. ಇನ್ನೊಂದು ಒಡೆದಳು.

"ಆದಿನಾರಾಯಣಪ್ಪ ಯುಗಾದಿಗೆ ಮುಂಚೇನೇ ಬಂದ, ಚಳಿಜ್ವರ ಹಿಡಿದು. ಅವನು ಬೇರೆ ತರ ಹೇಳ್ದ."

ಪಿಳ್ಳಣ್ಣ ನಿಂತಲ್ಲೇ ಕುಕ್ಕರಿಸಿದ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಬೈರಪ್ಪನ ಸೀಸೆ, ವಾಯಿದೆ, ಹಾಲಿನ ಮಾತು, ನೀರು ಕೊಡದೆ ಇದ್ದದ್ದು, ಕಂಬಳಿ ಎಳೆದದ್ದು. ಲಕ್ಷ್ಮಯ್ಯನ ಅಣ್ಣ ಒಳಗಿನಿಂದ ಬಂದು ಕೇಳುತ್ತ ನಿಂತ. ಹೇಳುತ್ತ ಹೇಳುತ್ತ ಪಿಳ್ಳಣ್ಣ ಪೇಟದ ತುದಿಯಿಂದ ಕಣ್ಣೊರೆಸಿಕೊಂಡ.

"ನನ್ನ ಮುಂದೆ ಅಳಬೇಡ" ಎಂದಳು ಕದಿರಮ್ಮ. "ಎಲ್ಲರ ಮನೆಯಲ್ಲೂ ಸತ್ರೆ ಮೂರು ದಿನಕ್ಕೆ ಹೂತ ಗುಡ್ಡೆ ಮೇಲೆ ಹಾಲು ತುಪ್ಪ ಬಿಡ್ತಾರೆ. ನಾನೆಲ್ಲಿ ಬಿಡ್ಲಿ? ವರ್ಷ ಆಯ್ತು, ಎಲ್ಲಿ ಬಿಡ್ಲಿ ಹೇಳು? ಅವನ್ನ ಹಾಕಿದ ತಾವು ತೋರ್ಸು."

"ಅದು ನಡುನೀರಮ್ಮ. ತೋರ್ಸಕ್ಕೆ ಆಗಲ್ಲ."

"ಆ ನೀರಿನ ದಡ ಐತಲ್ಲ, ಅದನ್ನಾದ್ರೂ ತೋರ್ಸು."

ಕದಿರಮ್ಮ, ಅವಳ ಭಾವ, ಪಿಳ್ಳಣ್ಣ ಮೂವರೂ ಮದರಾಸಿನ ರೈಲು ಹತ್ತಿದರು. ಕಡಲ ಮುಂದೆ ನಿಂತಾಗ ಅವಳು ಬಹಳ ಹೊತ್ತು ನೋಡಿದಳು.

"ಇಷ್ಟೊಂದಾ?" ಎಂದಳು.

"ಇದು ಅಂಚಮ್ಮ. ಒಳಗೆ ಇನ್ನೂ ಐತೆ."

ಅವಳು ಕುಡಿಕೆಯಲ್ಲಿದ್ದ ಹಾಲು ತುಪ್ಪವನ್ನು ನೀರಿಗೆ ಬಿಟ್ಟಳು. ಅಲೆ ಅದನ್ನು ತಂದು ಮರಳಿನ ಮೇಲೆ, ಅವಳ ಕಾಲಿನ ಹತ್ತಿರಕ್ಕೇ ಚೆಲ್ಲಿತು. ತುಪ್ಪದ ಹನಿಗಳು ನೊರೆಯಲ್ಲಿ ಮಿನುಗಿದವು. ಇನ್ನೊಮ್ಮೆ ಬಿಟ್ಟಳು, ಮತ್ತೆ ತಿರುಗಿ ಬಂತು. ಆಗ ಉಳಿದದ್ದನ್ನು ಪಿಳ್ಳಣ್ಣನ ಕೈಗೆ ಕೊಟ್ಟು, "ಅಲೆ ತಿರುಗದ ತಾವಿಗೆ ಹೋಗಿ ಬಿಡು" ಎಂದಳು. ಅವನಿಗೆ ಈಜು ಬರುತ್ತಿರಲಿಲ್ಲ. ಎದೆಮಟ್ಟದ ನೀರಿಗೆ ಹೋದ. ಒಂದು ಅಲೆ ಅವನನ್ನು ಕೆಡವಿತು. ಎದ್ದ. ಕುಡಿಕೆ ಹೋಗಿತ್ತು, ಹಾಲು ಎಲ್ಲಿ ಚೆಲ್ಲಿತೋ ಅವನಿಗೇ ಗೊತ್ತಾಗಲಿಲ್ಲ. ಮೀನುಗಾರರು ಓಡಿಬಂದು ಅವನನ್ನು ಎಳೆದು ಹಾಕಿದರು. "ಬಿಟ್ಟೆ ಕಣಮ್ಮ" ಎಂದ ಕೆಮ್ಮುತ್ತ. ಅವಳು ನಂಬಿದಳೋ ಇಲ್ಲವೋ, "ಸರಿ, ನಡೀರಿ" ಎಂದಳು.

ಆಮೇಲೆ ಪಿಳ್ಳಣ್ಣನ ಹಿಂದೆ ತಂಡ ಕಟ್ಟಿಕೊಂಡು ಬರುವವರು ಯಾರೂ ಇರಲಿಲ್ಲ. ಯಾರೂ ಜಗಳವಾಡಲಿಲ್ಲ, ಕರೆದರೆ ಒಂದು ನೆವ ಹೇಳುತ್ತಿದ್ದರು. ಅವನು ಇನ್ನೊಬ್ಬ ಮೇಸ್ತ್ರಿಯ ಕೈಕೆಳಗೆ ಕೂಲಿಯಾಗಿ ಸೇರಿದ. ಕದಿರಮ್ಮನೂ ಅದೇ ಬೆಟ್ಟಕ್ಕೆ ಜಲ್ಲಿ ಒಡೆಯಲು ಬಂದಳು. ಇಬ್ಬರೂ ಒಂದೇ ಬಂಡೆಯ ಎರಡು ಬದಿಯಲ್ಲಿ ಕೆಲಸ ಮಾಡುತ್ತಿದ್ದರು. "ಆ ಕಡೆ ಸರಿ, ಕಲ್ಲು ಬರ್ತದೆ" ಎನ್ನುವಂಥ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ರಾಜಘಟ್ಟದ ಬೈರಪ್ಪ ಸುದ್ದಿ ಕೇಳಿ ಒಮ್ಮೆ ಪಿಳ್ಳಣ್ಣನ ಮನೆಗೆ ಬಂದ. ಪಿಳ್ಳಣ್ಣನ ಹೆಂಡತಿ ಪಾಪಕ್ಕ ಅವನಿಗೆ ಊಟ ಹಾಕಿದಳು. ಬೈರಪ್ಪ ತಟ್ಟೆಯ ಮುಂದೆ ಕೂತು, ಉಣ್ಣದೆ ಎದ್ದುಹೋದ.

ಎಪ್ಪತ್ಮೂರರಲ್ಲಿ ಹೊಸಕೋಟೆಯ ಕಡೆಯ ಒಬ್ಬ ವಿಧುರ ಕದಿರಮ್ಮನನ್ನು ಕೂಡಿಕೆ ಮಾಡಿಕೊಂಡ. ಲಕ್ಷ್ಮಯ್ಯನ ಅಣ್ಣನೇ ಮುಂದೆ ನಿಂತು ಮಾಡಿಸಿದ. ಪಿಳ್ಳಣ್ಣನಿಗೆ ಯಾರೂ ಹೇಳಿಕಳಿಸಲಿಲ್ಲ. ಅವನು ಆ ದಿನ ಎಂದಿನಂತೆ ಬೆಟ್ಟಕ್ಕೆ ಹೋಗಿ ಬಂದ.

ಕಲ್ಲಿನ ಧೂಳು ಅಷ್ಟರಲ್ಲೇ ಅವನ ಎದೆಗೆ ಇಳಿದಿತ್ತು. ಎಪ್ಪತ್ತೇಳರ ಸುಮಾರಿಗೆ ಎರಡು ಹೆಜ್ಜೆಗೆ ಒಮ್ಮೆ ನಿಲ್ಲಬೇಕಾಗುತ್ತಿತ್ತು. ಆ ವರ್ಷ ಒಂದು ಶುಕ್ರವಾರ ಹೊಸಕೋಟೆ ಸಂತೆಗೆ ಮೇಕೆ ಮಾರಲು ಹೋದವನು ಬೇವಿನ ಮರದಡಿ ಕೆಮ್ಮುತ್ತ ಕೂತಿದ್ದ. ತರಕಾರಿ ಬುಟ್ಟಿ ಹೊತ್ತ ಹೆಂಗಸೊಬ್ಬಳು ಮುಂದೆ ಹೋಗಿ, ತಿರುಗಿ ಬಂದಳು. ಕದಿರಮ್ಮ. ಸೊಂಟದಲ್ಲಿ ಒಂದು ಹೆಣ್ಣುಮಗು.

"ಎಷ್ಟು ದಿನದಿಂದ ಈ ಕೆಮ್ಮು?"

"ಮಳೆಗಾಲದಿಂದ."

"ಆಸ್ಪತ್ರೆಗೆ ತೋರ್ಸಿದ್ಯಾ?"

"ತೋರಿಸ್ತೀನಮ್ಮ."

"ಇಲ್ಲೇ ಐತೆ, ಹಿಂದಿನ ಬೀದಿಯಲ್ಲಿ. ಇವತ್ತೇ ಹೋಗು. ಬೇಕಾದ್ರೆ ನಮ್ಮ ಯಜಮಾನ್ರನ್ನ ಜೊತೆಗೆ ಕಳಿಸ್ತೀನಿ."

"ಬ್ಯಾಡಮ್ಮ, ನಾನೇ ಹೋಗ್ತೀನಿ."

ಮಗು ಅವನ ಪೇಟದ ತುದಿ ಹಿಡಿದು ಎಳೆಯಿತು. ಕದಿರಮ್ಮ ಅದರ ಬೆರಳು ಬಿಡಿಸಿ, ಬುಟ್ಟಿಯನ್ನು ತಲೆಯ ಮೇಲೆ ಸರಿಮಾಡಿಕೊಂಡು ಹೋದಳು. ಪಿಳ್ಳಣ್ಣ ಮೇಕೆ ಮಾರಿ ಬಸ್ಸು ಹತ್ತಿದ. ಆಸ್ಪತ್ರೆಗೆ ಹೋಗಲಿಲ್ಲ. ಮರುವರ್ಷ ಮಾಗಿಯ ಚಳಿಯಲ್ಲಿ ಅವನು ತೀರಿಕೊಂಡಾಗ ಪಾಪಕ್ಕ ಹೊಸಕೋಟೆಗೂ ಹೇಳಿಕಳಿಸಿದಳು. ಕದಿರಮ್ಮ ಮಣ್ಣಿಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದಳು. ಎಲ್ಲರ ಜೊತೆ ಗುಡ್ಡೆಗೆ ಹೋಗಿ, ತನ್ನ ಸರದಿ ಬಂದಾಗ ಹಾಲು ತುಪ್ಪ ಬಿಟ್ಟು, ಪಾಪಕ್ಕನ ಹತ್ತಿರ ಸ್ವಲ್ಪ ಹೊತ್ತು ಕೂತಿದ್ದು, ಊಟಕ್ಕೆ ನಿಲ್ಲದೆ ಹೋದಳು.