ಅಕ್ಕನ ಹೆಸರಿನಲ್ಲಿ ಆದ ಆಪರೇಷನ್

ಗಂಗಾ, ನಿಮ್ಮವ್ವನ ಸಾವಿಗೆ ಕಾರಣ ಆ ಡಾಕ್ಟರಲ್ಲ — ನಾನು, ನಿನ್ನ ಚಿಗವ್ವ.

ಅಕ್ಕ ಗೋವಾದ ಕಲಂಗುಟ್‌ನ ಹೋಟೆಲೊಂದರಲ್ಲಿ ಹಾಸಿಗೆಬಟ್ಟೆ ಒಗೆಯುತ್ತಿದ್ದಳು. ಹೋಟೆಲಿನವರು ಅವಳಿಗೆ ಆಸ್ಪತ್ರೆಯ ವಿಮೆ ಕಾರ್ಡು ಮಾಡಿಸಿಕೊಟ್ಟಿದ್ದರು. ಸಮುದ್ರದ ದಂಡೆಯಲ್ಲಿ ಮಣಿಸರ ಮಾರುವ ನನಗೆ ಅಂಥದ್ದೇನೂ ಇರಲಿಲ್ಲ. ಒಮ್ಮೆ ಅವಳು ಊರಿಗೆ ಹೋಗಿದ್ದಾಗ ನನಗೆ ತಡೆಯಲಾರದ ಹೊಟ್ಟೆನೋವು ಬಂತು. ಅವಳ ಕಾರ್ಡು ಹಿಡಿದು ಹೋದೆ. ನಮ್ಮಿಬ್ಬರ ಮುಖ ಒಂದೇ ಅಚ್ಚು — ಯಾರೂ ಎರಡನೇ ಸಲ ನೋಡಲಿಲ್ಲ. ರೇಣವ್ವ ನೀವೇನಾ ಎಂದಾಗ ಹೂಂ ಅಂದೆ. ಅಪೆಂಡಿಕ್ಸ್ ತೆಗೆದರು. ಬಿಲ್ಲಿನಲ್ಲಿ, ಕಂಪ್ಯೂಟರಿನಲ್ಲಿ, ಎಲ್ಲ ಕಡೆ ಅಕ್ಕನ ಹೆಸರು. ಅವಳಿಗೆ ಹೇಳಲೇ ಇಲ್ಲ. ಹೇಳಿದ್ದರೆ ಬೈಯುತ್ತಿದ್ದಳು, ಅಷ್ಟೇ.

ಮರುವರ್ಷ ಅವಳಿಗೇ ಹೊಟ್ಟೆಯ ಬಲಗಡೆ ನೋವು. ಅದೇ ಆಸ್ಪತ್ರೆ. ಅಕ್ಕನಿಗೆ ಹಿಂದಿ ಬಾರದು. ಮಾತು ದಾಟಿಸಲು ನಾನೇ ಹೋದೆ. ಡಾಕ್ಟರು ಕಂಪ್ಯೂಟರ್ ನೋಡಿ ಹಿಂದಿಯಲ್ಲಿ ಕೇಳಿದರು — ಅಪೆಂಡಿಕ್ಸ್ ಆಪರೇಷನ್ ಆಗಿದೆಯಲ್ಲ, ಹೌದೋ ಅಲ್ಲವೋ ಕೇಳು.

ನಿಜ ಹೇಳಿದರೆ ಕಾರ್ಡು ಹೋಗುತ್ತದೆ, ಅಕ್ಕನ ಕೆಲಸ ಹೋಗುತ್ತದೆ, ನನ್ನನ್ನು ಪೊಲೀಸರು — ಅಪೆಂಡಿಕ್ಸ್ ಎಂಬ ಒಂದು ಶಬ್ದ ನುಂಗಿ ಕೇಳಿದೆ:

“ಅಕ್ಕಾ, ಆಪರೇಷನ್ ಆಗೇತೇನು ಅಂತ ಕೇಳಾಕತ್ತಾರ.”

ನಮ್ಮ ಕಡೆ ಹೆಂಗಸರಿಗೆ ಆಪರೇಷನ್ ಎಂದರೆ ಒಂದೇ — ಮಕ್ಕಳಾಗದಂತೆ ಮಾಡಿಸಿಕೊಳ್ಳುವುದು. ಆ ನೋವಿನಲ್ಲೂ ಅಕ್ಕ ನಕ್ಕಳು.

“ಗಂಗಾ ಹುಟ್ಟಿದ ಮ್ಯಾಲ ಮಾಡಿಸ್ಕೊಂಡೇನಲ್ಲ! ದವಾಖಾನಿಗೆ ಕರ್ಕೊಂಡು ಹೋದಾಕಿನ ನೀನು. ಮರ್ತಿಯೇನ, ಹುಚ್ಚಿ?”

ಡಾಕ್ಟರ ಕಡೆ ತಿರುಗಿ ಅಂದೆ, “ಹಾಂ ಸಾಬ್, ಹೋ ಗಯಾ.”

ಅವರು ಹೊಟ್ಟೆಯ ಮೇಲಿದ್ದ ಆ ಆಪರೇಷನ್ನಿನ ಹಳೆಯ ಕಲೆಯನ್ನೂ ನೋಡಿದರು. ಅನುಮಾನ ಉಳಿಯಲಿಲ್ಲ. ಗುಳಿಗೆ ಬರೆದು ಮನೆಗೆ ಕಳಿಸಿದರು.

ಸಂಜೆ ಜ್ವರ ಏರಿತು. ಆಗಲಾದರೂ ಹೇಳಬಹುದಿತ್ತು — ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಕೂತೆ. ಮರುದಿನ ಬೆಳಿಗ್ಗೆ ನೋವು ಇದ್ದಕ್ಕಿದ್ದಂತೆ ನಿಂತಿತು. “ಚಲೋ ಆತು ನೋಡು, ಚಾ ಇಡು,” ಎಂದಳು. ನಾನು ದೇವರಿಗೆ ಕೈಮುಗಿದೆ. ಒಳಗೆ ಅಪೆಂಡಿಕ್ಸ್ ಒಡೆದಿತ್ತು. ಚಾ ಕುದಿಯುವಷ್ಟರಲ್ಲಿ ಅವಳ ತುಟಿ ಬಿಳಿಚಿತ್ತು. ಮತ್ತೆ ಆಸ್ಪತ್ರೆಗೆ ಒಯ್ದೆವು, ಅವಳು ಉಳಿಯಲಿಲ್ಲ.

“ಡಾಕ್ಟರ್ ನಮ್ಮವ್ವನ್ನ ಒಂದ್ ಮಾತ್ ಸುದ್ದಾ ಕೇಳಲಿಲ್ಲ,” ಎಂದು ನೀನು ಕಂಡವರ ಮುಂದೆಲ್ಲ ಅಳುತ್ತೀ. ಪಕ್ಕದಲ್ಲಿ ಕೂತು ನಾನೂ ತಲೆಯಾಡಿಸಿದ್ದೇನೆ.

ಕೇಳಿದ್ದರು, ಮಗಳೇ. ಅವ್ವನಿಗೆ ಮುಟ್ಟಿಸದವಳು ನಾನು.