ತುಳಸಿಕಟ್ಟೆಯ ಪಕ್ಕದ ಗುಂಡಿ

ಅರವತ್ತರ ದಶಕದ ನಡುವೆ ನಮ್ಮ ಕಡೆಯ ಪೇಟೆಗಳಲ್ಲಿ ಕರೆಂಟಿನ ಕಾನೂನು ಬದಲಾಯಿತು. ಅದುವರೆಗೆ ಎರಡು ತಂತಿ ಎಳೆದು ಬಲ್ಬು ಹತ್ತಿದರೆ ಕೆಲಸ ಮುಗಿಯುತ್ತಿತ್ತು. ಹೊಸ ನಿಯಮದಲ್ಲಿ ಕಬ್ಬಿಣದ ಸ್ವಿಚ್ ಪೆಟ್ಟಿಗೆ, ಪಂಪು ಇರುವ ಪ್ರತಿ ಕಟ್ಟಡಕ್ಕೂ ಅರ್ತಿಂಗ್ ಕಡ್ಡಾಯ. ಆಳದ ಗುಂಡಿ ತೋಡಿ, ಪೈಪು ನಿಲ್ಲಿಸಿ, ಇದ್ದಿಲು ಉಪ್ಪು ತುಂಬಿ ತಂತಿ ಜೋಡಿಸಬೇಕು. ಲೈಸೆನ್ಸಿರುವ ವೈರ್‌ಮನ್ ಸಹಿ ಹಾಕದೆ ಕರೆಂಟು ಇಲ್ಲ. ಕುಮಟೆಯಲ್ಲಿ ಲೈಸೆನ್ಸಿದ್ದ ಕೆಲವರಲ್ಲಿ ನಾನೊಬ್ಬ. ಒಳ್ಳೆಯ ಕಾನೂನು ಅದು. ಅದರ ಮೇಲೆ ನನ್ನ ದೂರಿಲ್ಲ.

ತಕರಾರು ಇದ್ದದ್ದು ಗುಂಡಿಯದು. ಮಳೆಗಾಲದಲ್ಲಿ ನಮ್ಮ ನೆಲ ಹೇಗೂ ನೆನೆದಿರುತ್ತದೆ. ಚಿರೆಕಲ್ಲಿನ ದಿಬ್ಬದ ಮೇಲಿನ ಮನೆಗಳಲ್ಲಿ ಮಾತ್ರ ಬೇಸಿಗೆಗೆ ಗುಂಡಿ ಒಣಗುತ್ತದೆ. ಒಣಗಿದ ಗುಂಡಿ ಇದ್ದೂ ಇಲ್ಲದ ಹಾಗೆ. ಕಬ್ಬಿಣಕ್ಕೆ ಹತ್ತಿದ ಕರೆಂಟು ಮಣ್ಣಿಗಿಳಿಯದೆ ಮುಟ್ಟಿದವರ ಮೈಗಿಳಿಯುತ್ತದೆ. ದಿನಾ ಗುಂಡಿಗೆ ನೀರು ಹಾಕಿ ಅಂತ ಹೇಳಿ ಹೇಳಿ ನನ್ನ ಗಂಟಲು ಹೋಯಿತು. ಜನ ಎರಡು ದಿನ ಹಾಕಿ ಮೂರನೆಯ ದಿನ ಮರೆಯುತ್ತಿದ್ದರು.

ಆಗ ನನಗೊಂದು ಉಪಾಯ ಹೊಳೆಯಿತು. ತುಳಸಿಗೆ ನೀರು ಹಾಕದೆ ನಮ್ಮ ಹೆಂಗಸರು ಬಾಯಿಗೆ ಹನಿ ನೀರೂ ಬಿಡುವುದಿಲ್ಲ. ಹಾಗಾಗಿ ಗುಂಡಿಯನ್ನು ತುಳಸಿಕಟ್ಟೆಯ ಪಕ್ಕದಲ್ಲಿ, ಉಪ್ಪು ಬೇರಿಗೆ ತಾಗದಷ್ಟು ದೂರದಲ್ಲಿ ತೋಡತೊಡಗಿದೆ. ಕಟ್ಟೆಯಿಂದಿಳಿದ ನೀರು ಅಲ್ಲಿಗೇ ಹರಿಯುವಂತೆ ಸಣ್ಣ ಕಾಲುವೆ ಮಾಡಿದೆ. ಬೇಸಿಗೆಯಲ್ಲಿ ತುಳಸಿಗೆ ತಂಬಿಗೆ ನೀರು ಸಾಲದು, ಕೊಡ ತುಂಬ ಹಾಕಿ, ಒಂದು ದಿನವೂ ತಪ್ಪಿಸಬೇಡಿ ಅಂತ ಮಾತ್ರ ಹೇಳುತ್ತಿದ್ದೆ. ಗುಂಡಿಯ ಸುದ್ದಿಯೇ ಎತ್ತುತ್ತಿರಲಿಲ್ಲ. ಹೆಂಗಸರಿಗೆ ಅದೆಲ್ಲ ಎಲ್ಲಿ ತಿಳಿಯಬೇಕು ಎಂಬ ಸೊಕ್ಕು ನನಗೆ. ಭಟ್ಕಳದ ನವಾಯತರ ಮನೆಗಳಲ್ಲಿ ತುಳಸಿ ಇಲ್ಲವಲ್ಲ, ಅಲ್ಲಿ ವಿಧಿಯಿಲ್ಲದೆ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ನಮಾಜಿಗೆ ಕೈಕಾಲು ತೊಳೆದ ನೀರನ್ನು ಅವರು ಗುಂಡಿಗೆ ತಿರುಗಿಸಿಕೊಂಡರು. ಅಲ್ಲಿನ ಹೆಂಗಸರಿಗೆ ಚೆನ್ನಾಗಿಯೇ ತಿಳಿಯಿತು.

ಹೊನ್ನಾವರದ ದಿಬ್ಬದ ಮೇಲೆ ನನ್ನ ಅಕ್ಕನ ಮನೆ. ಅಲ್ಲಿ ಬಾವಿಗೆ ಪಂಪು ಕೂರಿಸಿದ್ದೂ, ತುಳಸಿಕಟ್ಟೆಯ ಪಕ್ಕ ಗುಂಡಿ ತೋಡಿದ್ದೂ, ಕಾಗದಕ್ಕೆ ಸಹಿ ಹಾಕಿದ್ದೂ ನಾನೇ. ಒಂದು ಬೇಸಿಗೆಯಲ್ಲಿ ಅಕ್ಕನ ಮಾವ ತೀರಿಕೊಂಡರು. ಮಗಳಿಗೆ ಆಸರೆಯಾಗಲೆಂದು ನಮ್ಮ ಆಯಿ ಅಲ್ಲೇ ಉಳಿದಳು. ಸೂತಕ ಕಳೆಯುವವರೆಗೆ ದೇವರಿಗೆ ದೀಪವಿಲ್ಲ, ತುಳಸಿಗೆ ನೀರಿಲ್ಲ. ಎರಡನೆಯ ದಿನ ಅಕ್ಕ ಕೊಡ ಎತ್ತಿಕೊಂಡು ಅಂಗಳಕ್ಕಿಳಿದಿದ್ದಳಂತೆ.

"ಒಂದು ದಿನವೂ ತಪ್ಪಿಸ್ಬೇಡ ಅಂದಿದ್ದಾನೆ ತಮ್ಮ."

"ಹುಚ್ಚಾ ನಿಂಗೆ? ಸೂತಕದಲ್ಲಿ ತುಳಸಿಗೆ ನೀರು ಹಾಕೂದು ಅಂದ್ರೆ ಎಂತ! ಇಡು ಕೆಳಗೆ," ಎಂದು ಆಯಿ ಗದರಿದಳು.

"ಆತು," ಎಂದು ಅಕ್ಕ ಕೊಡ ಇಳಿಸಿದಳು.

ಒಂಬತ್ತನೆಯ ದಿನ ಬೆಳಗ್ಗೆ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಅಕ್ಕ ಒದ್ದೆ ಕೈಯಲ್ಲೇ ಪಂಪಿನ ಸ್ವಿಚ್ ಹಾಕಲು ಹೋದಳು. ಪೆಟ್ಟಿಗೆಯೊಳಗೆ ರಬ್ಬರು ಸವೆದ ತಂತಿ ಕಬ್ಬಿಣಕ್ಕೆ ತಾಗಿತ್ತು. ನಾನು ಕುಮಟೆಯಿಂದ ಬಸ್ಸು ಹಿಡಿದು ಮುಟ್ಟುವಷ್ಟರಲ್ಲಿ ಅವಳನ್ನು ಜಗಲಿಯಲ್ಲಿ ಮಲಗಿಸಿದ್ದರು. ಹಿಂಡಿಟ್ಟ ಬಟ್ಟೆ ಇನ್ನೂ ಬಾವಿಕಟ್ಟೆಯ ಮೇಲೇ ಇತ್ತು.

ಮರುದಿನ ತನಿಖೆಗೆ ಬಂದ ಇನ್‌ಸ್ಪೆಕ್ಟರು ಗುಂಡಿ ಅಗೆಸಿದರು. ಇದ್ದಿಲು ಕೈಯಲ್ಲಿ ಪುಡಿಯಾಗುವಷ್ಟು ಒಣಗಿತ್ತು. ಇದಕ್ಕೆ ನೀರು ಯಾರು ಹಾಕುತ್ತಿದ್ದರು ಎಂದು ಕೇಳಿದರು. ಇನ್ನು ಮುಚ್ಚಿಡುವುದೇನಿತ್ತು? ತುಳಸಿಯ ಉಪಾಯವನ್ನು ಮೊದಲಿಂದ ಕೊನೆಯವರೆಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ಮೇಲೆ ನನಗೇ ಹೇಸಿಗೆ ಬಂತು. ಅವರು ಬರೆದುಕೊಂಡರು. ಬಾಗಿಲ ಹಿಂದೆ ನಿಂತಿದ್ದ ಆಯಿಗೂ ಎಲ್ಲ ಕೇಳಿಸಿತು.

ಅವರು ಹೋದ ಮೇಲೆ ಆಯಿ ಹೊರಗೆ ಬಂದಳು. ಅಗೆದ ಗುಂಡಿಯ ಅಂಚಿಗೆ ಹೋಗಿ ಬಗ್ಗಿ ನೋಡಿದಳು.

"ನಂಗೊಂದು ಮಾತು ಹೇಳೂಕೆ ಆಗ್ಲಿಲ್ವಾ ನಿಂಗೆ?" ಅಂದಳು. "ತುಳಸಿ ಬಿಟ್ಟು ಗುಂಡಿಗೆ ನಾನೇ ಹಾಕ್ತಿದ್ನಲ್ಲೋ. ಗುಂಡಿಗೆ ಎಂತ ಸೂತಕ?"